ರಿಪೇರಿ ನಂದು, ಗಿರಾಕಿ ನಿಂದು

ಹಳೇ ಹೊಲಿಗೆ ಮಿಷನ್ ಮಾರುವುದಿದೆ ಎಂದು ನಾಲ್ಕು ಜನರ ಕಿವಿಗೆ ಹಾಕಿ ನೋಡಿ. ಹೊಲಿಯುತ್ತದೆಯೇ ಎಂದು ಒಬ್ಬರೂ ಕೇಳುವುದಿಲ್ಲ. "ಕಾಲಿದೆಯಾ?" ಎನ್ನುತ್ತಾರೆ. ಕಾಲು ಎಂದರೆ ಎರಕದ ಕಬ್ಬಿಣದ ಆ ಸ್ಟ್ಯಾಂಡು. ಎರಡೂ ಬದಿಗೆ ಬಳ್ಳಿ ಸುತ್ತಿದ ವಿನ್ಯಾಸ, ನಡುವೆ ಕಂಪನಿಯ ಹೆಸರು, ಕೆಳಗೆ ಪೆಡಲ್ಲು. ಅದರ ಮೇಲೆ ಗ್ರಾನೈಟ್ ಹಾಸಿದರೆ ಕಾಫಿ ಅಂಗಡಿಯ ಟೇಬಲ್ಲು, ತೂತು ಕೊರೆದು ಬೋಗುಣಿ ಕೂರಿಸಿದರೆ ಹೋಮ್‌ಸ್ಟೇಯ ವಾಶ್‌ಬೇಸಿನ್ನು. "ಮೇಲಿನದು ನೀವೇ ಇಟ್ಕೊಳ್ಳಿ ಸಾರ್, ರೇಟಲ್ಲಿ ಸ್ವಲ್ಪ ಕಮ್ಮಿ ಮಾಡಿ" ಎಂದು ಉದಾರವಾಗಿ ಹೇಳುತ್ತಾರೆ. ಅವರು ನಮಗೇ ಬಿಟ್ಟುಕೊಡುವ ಆ ಮೇಲಿನದೇ ಮಿಷನ್ನು.

ನಾನು ಈ ವ್ಯಾಪಾರಕ್ಕೆ ಬಿದ್ದದ್ದು ನಮ್ಮ ಭಾವನ ದೆಸೆಯಿಂದ. ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಗಿರಣಿ ನಿಂತರೂ ಅವರ ಕೈ ನಿಲ್ಲಲಿಲ್ಲ. ಗುಜರಿ ಅಂಗಡಿಯಲ್ಲಿ ಕೆಜಿ ಲೆಕ್ಕಕ್ಕೆ ಹೋಗಲಿದ್ದ ಕರೀ ಮಿಷನ್ನೊಂದನ್ನು ಎತ್ತಿಕೊಂಡು ಬಂದರು, ಓಡುವಂತೆ ಮಾಡಿದರು, ಇನ್ನೊಂದನ್ನು ತಂದರು. ಅಕ್ಕನ ಮನೆಯ ಪಡಸಾಲೆ ತುಂಬಿತು. ಆಗ ಅಕ್ಕ ಕೊಟ್ಟ ನೋಟಿಸನ್ನು ಭಾವ ನನಗೆ ದಾಟಿಸಿದರು: "ರಿಪೇರಿ ನಂದು, ಗಿರಾಕಿ ನಿಂದು. ಪೇಪರಿಗೆ ಬರೀತೀಯಲ್ಲ, ನಾಕು ಮಂದಿ ಗೊತ್ತಿರ್ತಾರ." ಪೇಪರಿಗೆ ಬರೆಯುವವನಿಗೆ ಗೊತ್ತಿರುವ ನಾಲ್ಕು ಮಂದಿಯೂ ಪೇಪರಿಗೆ ಬರೆಯುವವರೇ, ಅವರ ಜೇಬಿನ ಕಥೆಯೂ ನನ್ನದೇ ಎಂದು ಅವರಿಗೆ ಹೇಗೆ ತಿಳಿಸಲಿ?

ರಿಪೇರಿ ಮಾತ್ರ ನೋಡುವಂಥದ್ದು. ಭಾವನ ಹತ್ತಿರ ಬರುವ ಮಿಷನ್ನುಗಳಿಗೆ ಸಾಮಾನ್ಯವಾಗಿ ಇರುವ ರೋಗ ಒಂದೇ, ಅಡುಗೆಮನೆಯ ಎಣ್ಣೆ. ಮಿಷನ್ ಎಣ್ಣೆ ಮುಗಿದ ದಿನ ಕೊಬ್ಬರಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಬಿಟ್ಟಿರುತ್ತಾರೆ. ವರ್ಷ ಕಳೆದಂತೆ ಅದು ಅಂಟಾಗಿ, ಅಂಟು ಗಟ್ಟಿಯಾಗಿ, ಚಕ್ರ ಮಿಸುಕದಂತಾಗುತ್ತದೆ. ಮನೆಯವರು ಕೆಟ್ಟಿದೆ ಎಂದು ಗುಜರಿಗೆ ಹಾಕುತ್ತಾರೆ. ಒಳಗೆ ಒಂದು ಹಲ್ಲೂ ಮುರಿದಿರುವುದಿಲ್ಲ. ಭಾವ ಪಕ್ಕದ ತಗಡು ಬಿಚ್ಚಿ, ಎಣ್ಣೆ ಬಿಡುವ ಪ್ರತಿ ತೂತಿಗೂ ಸೀಮೆಎಣ್ಣೆ ತೊಟ್ಟಿಕ್ಕಿಸಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಚಕ್ರವನ್ನು ಹಿಂದಕ್ಕಿಷ್ಟು ಮುಂದಕ್ಕಿಷ್ಟು ಅಲುಗಿಸುತ್ತಾರೆ, ಬಲ ಹಾಕುವುದಿಲ್ಲ. ಬಟ್ಟೆ ತಳ್ಳುವ ಹಲ್ಲಿನ ಕೆಳಗೆ ಸೂಜಿಯಿಂದ ಕೆದಕಿದರೆ ನಾರಿನ ಗಟ್ಟಿಯೊಂದು ಇಡಿಯಾಗಿ ಎದ್ದು ಬರುತ್ತದೆ. ಮೇಲುಗಡೆ ಸ್ಕೂಲ್ ಯೂನಿಫಾರ್ಮಿನ ತಿಳಿನೀಲಿ ಪಾಲಿಯೆಸ್ಟರ್, ಅದರಡಿ ಖಾಕಿ, ತಳದಲ್ಲಿ ಬಿಳಿ ಹತ್ತಿ. ಒಂದು ಮನೆಯವರು ಏನೇನು ಉಟ್ಟು ತೊಟ್ಟು ಬದುಕಿದರೆಂದು ಅಷ್ಟರಲ್ಲೇ ಗೊತ್ತಾಗುತ್ತದೆ. ಮಿಷನ್ನಿನ ಮೈಮೇಲಿನ ಚಿನ್ನದ ಬಣ್ಣದ ಹೂಬಳ್ಳಿಯನ್ನು ಮಾತ್ರ ಭಾವ ಯಾರಿಗೂ ಮುಟ್ಟಗೊಡುವುದಿಲ್ಲ. ಹೊಳಪು ಬರಲಿ ಎಂದು ಸ್ಪಿರಿಟ್ ಹಾಕಿ ಉಜ್ಜಿದರೆ ಕೆಲಸ ಕೆಟ್ಟಿತು. ಹೂವನ್ನು ಕಾಪಾಡುವ ಮೇಲಿನ ತೆಳು ಪದರ ಅರಗಿನದು, ಸ್ಪಿರಿಟ್ಟಿಗೆ ಕರಗುತ್ತದೆ. ಚಿನ್ನ ಹೋಗಿ ಮಾಸಲು ಬೆಳ್ಳಿ ಉಳಿಯುತ್ತದೆ.

ಹೀಗೆ ಎದ್ದು ನಿಂತ ಮಿಷನ್ನು ಇನ್ನೊಂದು ತಲೆಮಾರು ಓಡುತ್ತದೆ. ಗಿರಾಕಿ ಸಿಗದಿರುವುದಕ್ಕೆ ಅದೇ ಕಾರಣವೆಂದು ನನ್ನ ಅನುಮಾನ. ಸವೆಯದ ವಸ್ತುವನ್ನು ಎರಡನೇ ಸಲ ಕೊಳ್ಳುವವರು ಯಾರು? ಈ ತಲೆನೋವು ಮೊದಲು ತಟ್ಟಿದ್ದು ಮಾಡಿದವರಿಗೇ. ಐಸಾಕ್ ಮೆರಿಟ್ ಸಿಂಗರ್ ತನ್ನ ಹೊಲಿಗೆ ಮಿಷನ್ನಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1851ರಲ್ಲಿ. ಆತ ಯಂತ್ರದ ಮನುಷ್ಯ. ವ್ಯಾಪಾರದ ತಲೆ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ಎಂಬ ವಕೀಲನದು. ಸಾಧಾರಣ ಸಂಸಾರಕ್ಕೆ ಮಿಷನ್ನಿನ ಬೆಲೆ ಎಟುಕುವಂತಿರಲಿಲ್ಲ. 1856ರಲ್ಲಿ ಕ್ಲಾರ್ಕ್ ಕಂತಿನ ಮೇಲೆ ಕೊಡಲು ಶುರುಮಾಡಿದ. ಸ್ವಲ್ಪ ಮುಂಗಡ ಕೊಟ್ಟು ಮನೆಗೆ ಒಯ್ಯಿರಿ, ಉಳಿದದ್ದು ತಿಂಗಳು ತಿಂಗಳು. ಅದೇ ಸುಮಾರಿಗೆ ಇನ್ನೊಂದು ಉಪಾಯವನ್ನೂ ಹೂಡಿದ: ಹಳೇ ಮಿಷನ್ ತಂದುಕೊಟ್ಟರೆ ಹೊಸದರ ಬೆಲೆಯಲ್ಲಿ 50 ಡಾಲರ್ ಕಡಿತ. ಹಾಗೆ ಬಂದ ಹಳೆಯವನ್ನು ಒಡೆದುಹಾಕಿಸುತ್ತಿದ್ದ, ಸೆಕೆಂಡ್ ಹ್ಯಾಂಡ್ ಪೇಟೆಯೇ ಹುಟ್ಟದಿರಲಿ ಎಂದು! ಭಾವನಂಥವರು ಮುಂದೊಂದು ದಿನ ಹುಟ್ಟುತ್ತಾರೆಂದು ಆತನಿಗೆ ಅಂದೇ ಹೊಳೆದಿತ್ತು.

ಯಂತ್ರಗಳ ವಿಷಯದಲ್ಲಿ ಅಷ್ಟು ನಿಷ್ಠುರರಾಗಿದ್ದ ಗಾಂಧೀಜಿ ಕೂಡ ಹೊಲಿಗೆ ಮಿಷನ್ನಿಗೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ಕಂಡು, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಇದನ್ನು ಮಾಡಿದ ಎಂದು 1924ರಲ್ಲಿ ಒಂದು ಮಾತುಕತೆಯಲ್ಲಿ ಮೆಚ್ಚಿ ಹೇಳಿದ್ದಾರೆ. ಸಿಂಗರನ ಚರಿತ್ರೆ ಓದಿದರೆ ಆ ಪ್ರೀತಿ ಹಲವು ಮನೆಗಳಿಗೆ ಹಂಚಿಹೋಗಿತ್ತೆಂದು ತಿಳಿಯುತ್ತದೆ. ಹಲವು ಹೆಂಗಸರಲ್ಲಿ ಅವನಿಗೆ ಇಪ್ಪತ್ತು ದಾಟಿದ ಮಕ್ಕಳು. ಭಾವನಿಗೆ ಇದನ್ನು ಹೇಳಿದೆ. "ಅದಕ್ಕೇ ಮಿಷನ್ ಬೇಕಾಗಿತ್ತು, ಅಷ್ಟು ಮಂದಿಗೆ ಕೈಯಾಗ ಹೊಲಿಯೋದು ಹೆಂಗ?" ಎಂದರು.

ನಮ್ಮ ಕಡೆ ಸಿಗುವ ಹಳೇ ಸಿಂಗರ್‌ಗಳಲ್ಲಿ ಬಹಳಷ್ಟು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯವು. 1980ರಲ್ಲಿ ಅದು ಮುಚ್ಚಿಹೋಯಿತು, ಅಲ್ಲಿನ ರೈಲ್ವೆ ಸ್ಟೇಷನ್ನಿಗೆ ಮಾತ್ರ ಈಗಲೂ ಸಿಂಗರ್ ಎಂದೇ ಹೆಸರು. ಮಿಷನ್ನಿನ ಮೈಮೇಲಿನ ಸಂಖ್ಯೆ 'ವೈ' ಅಕ್ಷರದಿಂದ ಶುರುವಾದರೆ 1921ರಿಂದ 1935ರೊಳಗೆ ಅಲ್ಲಿ ತಯಾರಾದದ್ದು ಎಂದು ಲೆಕ್ಕ. ಈ ಸಂಖ್ಯೆಯಿಂದಾಗಿಯೇ ನನಗೊಂದು ವಿಚಿತ್ರ ಫೋನ್ ಬಂತು. "ಸಿಂಗರ್ ಆದರೆ ನಂಬರ್ ಹೇಳಿ. ಸೂಜಿ ಹತ್ತಿರ ಮೊಬೈಲ್ ಹಿಡಿದು ನೋಡಿದ್ದೀರಾ? ಲೈನ್ ಕಟ್ ಆಗುತ್ತಾ?" ಭಾವನಿಗೆ ಕೇಳಿದೆ. "ಅವನ ಲೈನ್ ನೀನೇ ಕಟ್ ಮಾಡು" ಎಂದರು.

ಈ ಹುಚ್ಚಿನ ಮೂಲ ಇರುವುದು ಸೌದಿ ಅರೇಬಿಯದಲ್ಲಿ. 2009ರ ಏಪ್ರಿಲ್‌ನಲ್ಲಿ ಅಲ್ಲೊಂದು ಗಾಳಿಸುದ್ದಿ ಹಬ್ಬಿತು. ಹಳೇ ಸಿಂಗರ್ ಮಿಷನ್ನಿನ ಸೂಜಿಯಲ್ಲಿ ಕೆಂಪು ಪಾದರಸವಿದೆಯಂತೆ, ಅದು ನಿಧಿ ತೋರಿಸುತ್ತದಂತೆ, ಬಾಂಬಿಗೂ ಬರುತ್ತದಂತೆ. ಮೊಬೈಲ್ ಹತ್ತಿರ ಹಿಡಿದಾಗ ಕರೆ ಕಡಿದರೆ ಪಾದರಸ ಇದ್ದಂತೆ! ನೂರಿನ್ನೂರು ರಿಯಾಲಿಗೆ ಯಾರೂ ಕೇಳದಿದ್ದ ಮಿಷನ್ನುಗಳಿಗೆ ಲಕ್ಷ, ಎರಡು ಲಕ್ಷ ರಿಯಾಲ್ ಹೇಳತೊಡಗಿದರು. ದರ್ಜಿಗಳ ಅಂಗಡಿಗೆ ಕನ್ನ ಬಿತ್ತು. ಕೊನೆಗೆ ಪೊಲೀಸರೇ ಇದೆಲ್ಲ ಸುಳ್ಳೆಂದು ಹೇಳಿ ತನಿಖೆಗೆ ಇಳಿಯಬೇಕಾಯಿತು. ಕೆಂಪು ಪಾದರಸ ಎಂಬ ವಸ್ತುವೇ ಇಲ್ಲ. ನಾವು ನಗುವಂತಿಲ್ಲ. ಅಕ್ಕಿಕಾಳು ಸೆಳೆಯುವ ತಾಮ್ರದ ಚೊಂಬೆಂದು, ಎರಡು ತಲೆ ಹಾವೆಂದು ಲಕ್ಷಗಟ್ಟಲೆ ಸುರಿದು ಠಾಣೆ ಮೆಟ್ಟಿಲು ಹತ್ತಿದವರು ನಮ್ಮಲ್ಲೇ ಇದ್ದಾರೆ. ಮಿಷನ್ನಿಗೆ ಅಷ್ಟು ದೊಡ್ಡ ಬೆಲೆ ಬಂದದ್ದು ಅದೊಂದು ಸಲ, ಅದೂ ಅದು ಮಾಡಲಾರದ ಕೆಲಸಕ್ಕೆ.

ಇನ್ನೆರಡು ಬಗೆಯ ಗಿರಾಕಿಗಳೂ ಇದ್ದಾರೆ. ಇಂಗ್ಲೆಂಡಿನ ಆಲ್‌ಸೇಂಟ್ಸ್ ಎಂಬ ಬಟ್ಟೆ ಮಳಿಗೆಯವರು ಹಳೇ ಮಿಷನ್ನುಗಳನ್ನು ನೂರುಗಟ್ಟಲೆ ಕೊಂಡು ಅಂಗಡಿ ಕಿಟಕಿಯಲ್ಲಿ ಸಾಲಾಗಿ ಜೋಡಿಸಿದ್ದಾರೆ. ಅದೇ ದೇಶದ ವರ್ಕ್‌ಏಡ್, ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್ ಎಂಬ ಸಂಸ್ಥೆಗಳು ಅಂಥವನ್ನೇ ರಿಪೇರಿ ಮಾಡಿ ಆಫ್ರಿಕಾಕ್ಕೆ ಕಳಿಸಿವೆ. ಕರೆಂಟಿಲ್ಲದ ಊರಲ್ಲಿ ಕೈಮಿಷನ್, ಕಾಲುಮಿಷನ್ನಿಗೇ ಬೆಲೆ. ಇವರಲ್ಲಿ ಯಾರು ಸರಿಯಾದ ಗಿರಾಕಿ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ನಮ್ಮೂರಲ್ಲಿ ಪೈಪೋಟಿ ಬೇರೆ ತರಹದ್ದು. ಇಲ್ಲಿ ಮಿಷನ್ ಪುಕ್ಕಟೆ ಸಿಗುತ್ತದೆ. ರಾಜ್ಯದ ಇಲಾಖೆಗಳು ಕೊಡುತ್ತವೆ, ಚುನಾವಣೆ ಹತ್ತಿರ ಬಂದರೆ ಮುಖಂಡರೂ ಕೊಡುತ್ತಾರೆ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು, ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವು. ಒಳ್ಳೆಯದೇ. ಆದರೆ ಪುಕ್ಕಟೆ ಬಂದ ಮಿಷನ್ನು ಪ್ಲಾಸ್ಟಿಕ್ ಬಿಚ್ಚುವ ಮೊದಲೇ ಮಾರಾಟಕ್ಕೆ ಬರುವುದೂ ಉಂಟು, ಆಗ ನಮ್ಮದನ್ನು ಯಾರು ಮೂಸುತ್ತಾರೆ? ಇನ್ನು ಟೈಲರಿಂಗ್ ಕಲಿತ ಹುಡುಗಿಯರು ಬಂದು ಕೇಳುವುದು "ಜಿಗ್‌ಜಾಗ್ ಬರುತ್ತಾ ಅಂಕಲ್?" ಎಂದು. ಬರುವುದಿಲ್ಲ. ಸೀರೆಯ ಅಂಚಿಗೆ ಜಿಗ್‌ಜಾಗ್ ಹಾಕಿಯೇ ತಿಂಗಳ ಖರ್ಚು ತೂಗಿಸುವವರಿಗೆ ನೇರ ಹೊಲಿಗೆಯ ಹಿರಿಮೆ ಹೇಳಿ ಏನು ಪ್ರಯೋಜನ?

ಹಾಗಾದರೆ ಕೊಳ್ಳುವವರು ಎಲ್ಲಿದ್ದಾರೆ? ಹಳೇ ಸಾಮಾನಿನ ಆಸೆ ಇರುವವರಲ್ಲಿ ಹುಡುಕುವುದನ್ನು ಬಿಟ್ಟು ನಾನು ಮ್ಯಾಚಿಂಗ್ ಸೆಂಟರಿಗೆ ಹೋದೆ. ಲೈನಿಂಗು, ಫಾಲು, ಹುಕ್ಕು, ದಾರದ ರೀಲು ಕೊಳ್ಳುವವರೆಲ್ಲ ಬರುವ ಜಾಗ ಅದು. ಯಾರು ಬ್ಲೌಸ್ ಹೊಲಿಯುತ್ತಾರೆ, ಯಾರ ಮಿಷನ್ ಕೈಕೊಟ್ಟಿದೆ ಎಂಬುದು ಕೌಂಟರಿನ ಹುಡುಗನ ಬಾಯಿಯಲ್ಲೇ ಇರುತ್ತದೆ. ಅವನು ಕಳಿಸಿದ ಒಬ್ಬಾತ ಜವಳಿ ಅಂಗಡಿ ಮುಂದಿನ ಫುಟ್‌ಪಾತಿನಲ್ಲಿ ಕೂತು ಪ್ಯಾಂಟಿನ ಉದ್ದ ಕಡಿಮೆ ಮಾಡಿಕೊಡುವವನು. ಬರುವಾಗಲೇ ಹಳೇ ಜೀನ್ಸಿನ ತುಂಡು ತಂದಿದ್ದ. ಬದಿಯ ಹೊಲಿಗೆ ಬಂದು ಕೂಡುವ ದಪ್ಪ ಜಾಗವನ್ನೇ ಮಡಚಿ ಸೂಜಿಯ ಕೆಳಗೆ ಇಟ್ಟ, ಚಕ್ರ ಕೈಯಲ್ಲಿ ತಿರುಗಿಸಿದ, ಹತ್ತಿ ಇಳಿಯುವಾಗ ಹೊಲಿಗೆ ತಪ್ಪಿತೇ ಎಂದು ಉಗುರಿನಿಂದ ಸವರಿ ನೋಡಿದ. ಆಮೇಲೆ ಕ್ಲಾರ್ಕ್ ಸಾಹೇಬನ ಮಾತನ್ನೇ ಆಡಿದ: "ಈಗ ಸ್ವಲ್ಪ ಕೊಡ್ತೀನಿ ಯಜಮಾನ್ರೇ, ಉಳಿದದ್ದು ವಾರವಾರ." ಭಾವ ಒಪ್ಪಿದರು. ವಾರವಾರ ದುಡ್ಡು ತಪ್ಪದೆ ಬಂತು.

ಇನ್ನೊಬ್ಬ ಹೆಂಗಸು ಬಂದವರು ಏನೂ ಕೇಳದೆ ಸ್ಟೂಲ್ ಎಳೆದು ಕೂತು ಸೂಜಿಗೆ ದಾರ ಪೋಣಿಸಿದರು. ಅದು ಸಿಂಗರ್‌ನ 15 ನಂಬರಿನ ಮಾದರಿ, ಅದರಲ್ಲಿ ದಾರ ಬಲದಿಂದ ಎಡಕ್ಕೆ ಹೋಗಬೇಕು, ಉಲ್ಟಾ ಹೋದರೆ ಹೊಲಿಗೆ ಬೀಳುವುದಿಲ್ಲ. ಅವರು ತಲೆ ಎತ್ತದೆ ಸರಿಯಾಗಿ ಪೋಣಿಸಿದ್ದನ್ನು ಕಂಡೇ ಭಾವ ಹೇಳಿದ್ದ ಬೆಲೆಯಲ್ಲಿ ಮುನ್ನೂರು ಇಳಿಸಿದರು. ಚೌಕಾಸಿಯೇ ಆಗಿರಲಿಲ್ಲ! ಅಂದಿನಿಂದ ಭಾವನದೊಂದು ಕಾಯಿದೆ: ಗಿರಾಕಿ ಬಟ್ಟೆ ತಾನೇ ತರಬೇಕು, ದಾರ ತಾನೇ ಪೋಣಿಸಬೇಕು. ಮಾರುವುದು ಒಂದೆರಡು ತಿಂಗಳು ತಡವಾಗುತ್ತದೆ, ಆದರೆ ಮಾರಿದ್ದು ಮೂಲೆ ಸೇರುವುದಿಲ್ಲ. ನನಗೆ ಈ ಕಾಯಿದೆ ಪೂರ್ತಿ ಒಪ್ಪಿಗೆ, ಕಮಿಷನ್ ಇಲ್ಲದ ಕೆಲಸವಾದ್ದರಿಂದ ಒಪ್ಪಿಕೊಳ್ಳುವುದೂ ಸುಲಭ.

15 ನಂಬರಿನವು ಹೇಗೋ ಹೋಗುತ್ತವೆ. ನಮ್ಮ ದೇಶದ ಕರೀ ಮಿಷನ್ನುಗಳೆಲ್ಲ ಬಹುಮಟ್ಟಿಗೆ ಅದೇ ಮಾದರಿಯವು, ಹಾಗಾಗಿ ಬಾಬಿನ್ನು, ಸೂಜಿ ಯಾವ ಅಂಗಡಿಯಲ್ಲೂ ಸಿಗುತ್ತವೆ. ಸದ್ಯ ಉಳಿದಿರುವುದು 28 ನಂಬರಿನದೊಂದು, ಕೈಮಿಷನ್. ಉದ್ದ ಬಾಬಿನ್ನು, ಬಂದೂಕಿನ ಗುಂಡಿನಾಕಾರದ ಶಟಲ್ಲು, ದಾರ ಎಡದಿಂದ ಬಲಕ್ಕೆ. ಬಾಬಿನ್ನು ಸಿಗುವುದು ಕಷ್ಟ, ಭಾವ ಮೂರು ಜೋಡಿಸಿ ಇಟ್ಟಿದ್ದಾರೆ. ಹೂಬಳ್ಳಿ ಹಾಗೇ ಇದೆ, ಹೊಲಿಗೆ ಸಣ್ಣಗೆ ಚೆನ್ನಾಗಿ ಬೀಳುತ್ತದೆ. ಬೇಕಾದವರು ಬನ್ನಿ, ಬಟ್ಟೆ ನೀವೇ ತನ್ನಿ.