ಕಾಳಿಯ ಅಳಿವೆಯಲ್ಲಿ ಹಿಡಿದ ದೋಣಿ

ಘಟಪ್ರಭೆಯ ದಂಡೆಯಲ್ಲಿ, ಮೂಡಲಗಿಗೆ ಸಮೀಪದ ಅವರಾದಿ, ಸುಣಧೋಳಿಗಳ ಸೀಮೆಯಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ, ದೋಣಿಯೆಂಬುದು ಬಾಡಿಗೆಗೆ ಹಿಡಿಯತಕ್ಕ ವಸ್ತುವೆಂಬ ಕಲ್ಪನೆಯೇ ಬಾಲ್ಯದಲ್ಲಿ ಇರಲಿಲ್ಲ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬಿ ಹರಿಯುವಾಗ ಆಚೆಯ ದಂಡೆಗೆ ಹೋಗಬೇಕಾದವನು ಅಂಬಿಗನನ್ನು ಕೂಗುತ್ತಿದ್ದನು. ಅವನು ನಾವೆಯನ್ನು ತರುತ್ತಿದ್ದನು. ಸುಗ್ಗಿ ಬಂದಾಗ ಕಣಕ್ಕೆ ಬಂದು ತನ್ನ ಪಾಲಿನ ಜೋಳವನ್ನು ಅಳೆಯಿಸಿಕೊಂಡು ಹೋಗುತ್ತಿದ್ದನು. ದುಡ್ಡಿನ ಮಾತು ನಡುವೆ ಬರುತ್ತಿರಲಿಲ್ಲ. ವಿಹಾರಾರ್ಥವಾಗಿ ನೀರಿನ ಮೇಲೆ ಸುತ್ತುವವನನ್ನು ನಮ್ಮ ಊರಿನವರು ಕಂಡಿದ್ದರೆ, ಪಾಪ, ಹೊಲಮನೆ ಇಲ್ಲದವನೆಂದು ಮರುಗುತ್ತಿದ್ದರೋ ಏನೋ.

1973ರ ದೀಪಾವಳಿಯ ರಜೆಯಲ್ಲಿ, ಆಗತಾನೆ ಮಾಸ್ತರಿಕೆಗೆ ಸೇರಿದ್ದ ನಾವು ನಾಲ್ವರು, ಗೋಕಾಕದವನೊಬ್ಬ, ಹುಕ್ಕೇರಿಯವನೊಬ್ಬ, ಮೂಡಲಗಿಯ ಕಡೆಯವರು ಇಬ್ಬರು, ಸಮುದ್ರವನ್ನು ನೋಡಲೇಬೇಕೆಂದು ಹೊರಟೆವು. ಗೋಕಾಕವೆಂಬ ಅಡ್ಡಹೆಸರಿನ ಕವಿಗಳು ಹಡಗಿನಲ್ಲಿ ವಿಲಾಯತಿಗೆ ಹೋಗಿ ‘ಸಮುದ್ರ ಗೀತೆಗಳು’ ಬರೆದು ನಾಡಿಗೆಲ್ಲ ಕಡಲನ್ನು ಪರಿಚಯಿಸಿದ್ದರು. ಅದನ್ನು ಮಕ್ಕಳಿಗೆ ಹೇಳಿಕೊಡುವ ನಾವು ಉಪ್ಪುನೀರನ್ನು ಕಣ್ಣಿನಿಂದ ಕಂಡವರಲ್ಲ. ಗೋಕಾಕ ರೋಡ ಸ್ಟೇಶನ್ನಿನಿಂದ ರೈಲಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಮೋಟಾರಿನಲ್ಲಿ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆಗಳನ್ನು ದಾಟಿ ಕಾರವಾರಕ್ಕೆ. ಚೀಲದಲ್ಲಿ ಎರಡು ಸೇರು ಕರದಂಟು.

ಆಗ ಕಾಳಿ ನದಿಗೆ ಹೆದ್ದಾರಿಯ ಸೇತುವೆ ಇರಲಿಲ್ಲ. ಗೋವೆಯ ಕಡೆಗೆ ಹೋಗುವವರೆಲ್ಲ ಕೋಡಿಬಾಗದ ದಂಡೆಯಲ್ಲಿ ಇಳಿದು, ನದಿಯನ್ನು ದಾಟಿ, ಎದುರಿನ ಸದಾಶಿವಗಡದಲ್ಲಿ ಮತ್ತೆ ಬಸ್ಸು ಹಿಡಿಯಬೇಕಾಗಿತ್ತು. ಆದುದರಿಂದ ಆ ದಂಡೆಯು ಒಂದು ಸಣ್ಣ ಸಂತೆಯೇ ಆಗಿತ್ತು: ಮೀನಿನ ಬುಟ್ಟಿಗಳು, ಚಹದ ಅಂಗಡಿ, ಹುಟ್ಟುಗಳನ್ನು ಮರಳಿನಲ್ಲಿ ಊರಿ ಗಿರಾಕಿಯನ್ನು ಕಾಯುವ ದೋಣಿಗಳು. ನಮಗೆ ಕೂರ್ಮಗಡದ ನಡುಗಡ್ಡೆಗೆ ಹೋಗಬೇಕಾಗಿತ್ತು. ನಡುವಯಸ್ಸಿನ ಒಬ್ಬ ತಾಂಡೇಲನನ್ನು ಕೇಳಿದೆವು. ಮಧ್ಯಾಹ್ನ ಮೂರು ದಾಟಿತ್ತು. ಅವನು ನದಿಯ ಕಡೆಗೂ ನಮ್ಮ ಧೋತರಗಳ ಕಡೆಗೂ ಒಮ್ಮೆ ನೋಡಿ, “ಇವತ್ತು ಬೇಡ ಮಾಸ್ತರರೆ, ನೀರು ಸಮ ಇಲ್ಲ” ಎಂದನು.

“ಯಾಕ್ರಿ, ನಮ್ಮ ಹೊಳಿಗಿಂತಾ ಶಾಂತ ಐತಲ್ಲ!” ಎಂದ ಹುಕ್ಕೇರಿಯ ಗೆಳೆಯ. ಹೆಚ್ಚಿಗೆ ದುಡ್ಡು ಕೊಡುತ್ತೇವೆಂದೂ ಸೇರಿಸಿದ. ತಾಂಡೇಲನು ಬೀಡಿ ಹಚ್ಚಿದನೇ ಹೊರತು ಮೇಲೇಳಲಿಲ್ಲ.

ಅಮಾವಾಸ್ಯೆ ಕಳೆದು ಮೂರೇ ದಿನವಾಗಿತ್ತು. ಅಮಾವಾಸ್ಯೆ ಹುಣ್ಣಿಮೆಗಳ ಸುತ್ತಿನಲ್ಲಿ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಇಳಿತದ ನೀರು ನದಿಯ ನೀರನ್ನೂ ಕೂಡಿಕೊಂಡು ಅಳಿವೆಯಲ್ಲಿ ಹೊರಕ್ಕೆ ನುಗ್ಗುವ ವೇಳೆಗೆ, ಮಧ್ಯಾಹ್ನದ ಪಡುಗಾಳಿ ಎದುರಿನಿಂದ ಬೀಸಿದರೆ, ದಂಡೆಯಿಂದ ಕಾಣುವ ಶಾಂತವಾದ ನೀರು ಅಳಿವೆಯ ಬಾಯಿಯಲ್ಲಿ ಗೋಡೆಯಂತೆ ಎದ್ದು ನಿಲ್ಲುವುದೆಂಬುದನ್ನು, ಒಂದೇ ದಿಕ್ಕಿಗೆ ಹರಿಯುವ ಹೊಳೆಯನ್ನು ಮಾತ್ರ ಬಲ್ಲ ನಾವು ಹೇಗೆ ತಿಳಿಯಬೇಕು? ಮರುದಿನ ನಸುಕಿನಲ್ಲಿ, ಗಾಳಿ ಏಳುವ ಮುಂಚೆ, ಇಳಿತದ ಕೊನೆಯ ನೀರಿನ ಜೊತೆಗೆ ಅವನು ನಮ್ಮನ್ನು ಹೊರಕ್ಕೆ ಒಯ್ದನು. ನೆತ್ತಿಗೆ ಬಿಸಿಲು ಬರುವಷ್ಟರಲ್ಲಿ ಹಾಯಿ ಬಿಚ್ಚಿ, ಬೆನ್ನಿಗೆ ಗಾಳಿ, ಅಡಿಗೆ ಭರತ, ಹುಟ್ಟು ಮುಟ್ಟದೆಯೇ ಮರಳಿ ತಂದನು. ನಾವು ಬಾಡಿಗೆಗೆ ಹಿಡಿದದ್ದು ದೋಣಿಯನ್ನಲ್ಲ, ಆ “ಬೇಡ” ಎಂಬ ಮಾತನ್ನು ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ತರುವಾಯ.

ಕೂರ್ಮಗಡದ ನರಸಿಂಹನ ಗುಡಿಯ ಬಳಿ ಕುಳಿತು ಕರದಂಟು ತಿಂದೆವು. ಪುಷ್ಯದ ಹುಣ್ಣಿಮೆಗೆ ಬಾಳೆಗೊನೆಗಳನ್ನು ಹೊತ್ತ ಜನ ದೋಣಿ ತುಂಬಿ ಬರುವರೆಂದು ತಾಂಡೇಲನು ಹೇಳಿದನು. 1864ರಲ್ಲಿ ಕಟ್ಟಿದ ದೇವಗಡದ ದೀಪಸ್ತಂಭವನ್ನೂ, ದೂರದಲ್ಲಿ ಹಸುರಾಗಿ ಮಲಗಿದ್ದ ಅಂಜದೀವವನ್ನೂ ತೋರಿಸಿದನು. 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ತಂಗಿದ ದ್ವೀಪವದು. 1961ರ ಡಿಸೆಂಬರಿನಲ್ಲಿ ಅದನ್ನು ಪೋರ್ತುಗೀಜರಿಂದ ಬಿಡಿಸುವಾಗ ನಮ್ಮ ನಾವಿಕರು ಅಲ್ಲಿ ಪ್ರಾಣ ತೆತ್ತರು. ರವೀಂದ್ರರು ತಾರುಣ್ಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಾಗ, ಇದೇ ಕಾಳಿಯಲ್ಲಿ ದೋಣಿಯೇರಿ ಮೇಲಕ್ಕೆ ಹೋಗಿದ್ದರು. ಅವರ ಅಂಬಿಗನ ಹೆಸರನ್ನು ಯಾರೂ ಬರೆದಿಡಲಿಲ್ಲ ಎಂಬುದು ನನ್ನದೊಂದು ಸಣ್ಣ ಕೊರಗು. ನಮ್ಮ ತಾಂಡೇಲನದನ್ನು ನಾನೂ ಕೇಳಲಿಲ್ಲ.

ಬಾಡಿಗೆ ಎಷ್ಟೆಂದು ಅವನು ಮೊದಲು ಹೇಳಿರಲಿಲ್ಲ. ಕೊಟ್ಟುದನ್ನು ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಕರದಂಟಿನ ಗಂಟನ್ನು ಮಾತ್ರ ಬಿಚ್ಚಿ ನೋಡಿ ನಕ್ಕನು. ನವೆಂಬರ 1ಕ್ಕೆ ಊರು ಸೇರಿದೆವು. ಮೈಸೂರು ರಾಜ್ಯದಿಂದ ಹೊರಟವರು ಕರ್ನಾಟಕಕ್ಕೆ ಮರಳಿದಂತಾಯಿತು.

1983ರಲ್ಲಿ ಸೇತುವೆ ಬಂದಿತು. ಅದಾದ ಸ್ವಲ್ಪ ಕಾಲಕ್ಕೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ, ಮೋಟಾರು ನಿಲ್ಲದೆಯೇ ಕೋಡಿಬಾಗವನ್ನು ದಾಟಿತು. ಮೇಲಿನಿಂದ ನೋಡಿದರೆ ದಂಡೆಯಲ್ಲಿ ಎರಡು ದೋಣಿಗಳು ಬೋರಲಾಗಿ ಬಿದ್ದಿದ್ದವು. ಕಾರವಾರದ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಅದು ಕದಂಬರ ಹೆಸರನ್ನು ಧರಿಸಿ ಕಾರ್ಯಾರಂಭ ಮಾಡಿತು. ಆ ನೆಲೆಗೆ ಸೇರಿದ ಅಂಜದೀವವು ವಿಹಾರದ ದೋಣಿಗಳಿಗೆ ದೂರದ ದರ್ಶನವಾಗಿಯೇ ಉಳಿಯಿತು. ದೇಶರಕ್ಷಣೆಯ ಮುಂದೆ ನಮ್ಮ ವಿಹಾರವೇನು ದೊಡ್ಡದು? ಅದರ ಬಗ್ಗೆ ನನ್ನ ತಕರಾರಿಲ್ಲ.

ನಾನು ಕೊನೆಯ ಬಾರಿ ಹೋದದ್ದು ಮೊಮ್ಮಕ್ಕಳೊಡನೆ. ಯಂತ್ರದ ದೋಣಿ, ಚೀಟಿ, ಗಡಿಯಾರ ನೋಡಿ ಅಳೆದ ವೇಳೆ, ಡಾಲ್ಫಿನ್ ಕಂಡರೆ ಒಂದು ಕೂಗು. ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೀಟು ತೊಡಿಸಿದರು. ಅದನ್ನು ನೋಡಿ ನಗುವ ಹಳಬರೊಡನೆ ನಾನು ಸೇರಲಾರೆ. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ತೀರಿಕೊಂಡರು. ಜಾಕೀಟು ಜಾತ್ರೆಯಲ್ಲಿ ಕಡ್ಡಾಯವಾದದ್ದು ಅದರ ತರುವಾಯ. ನಮ್ಮ ತಾಂಡೇಲನಂಥವನು ದಂಡೆಯಲ್ಲಿ ಕುಳಿತಿದ್ದರೂ, ಕಾಯುವ ವ್ಯವಧಾನ ನಮ್ಮಲ್ಲಿಲ್ಲದ ಕಾಲದಲ್ಲಿ ಜಾಕೀಟೇ ಗತಿ.

1983ರ ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳಚಿ ಕಾಳಿಗೆ ಬಿದ್ದಿತು. ಅದರ ಮೇಲಿದ್ದ ಲಾರಿಯೂ ನದಿಗೆ ಬಿತ್ತು. ಚಾಲಕನನ್ನು ಜೀವಸಹಿತ ದಂಡೆಗೆ ತಂದವರಲ್ಲಿ ಅಲ್ಲಿನ ಮೀನುಗಾರರು ಇದ್ದರು.