ಗಜನಿಯ ಒಡ್ಡು

ಟೂಟಿಂಗ್‌ನ ನಮ್ಮ ಮನೆಗೆ ಕುಮಟೆಯಿಂದ ಅಣ್ಣನ ಫೋನ್ ಬಂದದ್ದು ಮಾರ್ಚ್ ಕೊನೆಯಲ್ಲಿ. ಗಜನಿಯ ಒಡ್ಡು ಮೂರು ಕಡೆ ಒಡೆದಿದೆ, ಮಳೆಗಾಲದೊಳಗೆ ಕಟ್ಟಿಸಬೇಕು, ನಿನ್ನ ಪಾಲಿನ ಹಣ ಕಳಿಸುತ್ತೀಯಾ ಎಂದು ಕೇಳಿದ. ಅಘನಾಶಿನಿ ಕಡಲು ಸೇರುವಲ್ಲಿ ಉಬ್ಬರದ ಉಪ್ಪುನೀರು ಏರಿ ಬರುವ ತಗ್ಗು ಗದ್ದೆಗಳಿಗೆ ನಮ್ಮ ಕಡೆ ಗಜನಿ ಎನ್ನುತ್ತಾರೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಸಿಗಡಿ, ಮೀನು.

"ಹಾಗೇ ಬಿಟ್ಟುಬಿಡು ಅಣ್ಣ, ಹಕ್ಕಿಗಳಿಗಾದರೂ ಆಗಲಿ" ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಲ್ಲಿ ಕೂತು ಹೇಳೂದು ಸುಲಭ, ತಂಗಿ" ಎಂದು ಫೋನಿಟ್ಟ.

ಆ ಮಾತು ಚುಚ್ಚುತ್ತಲೇ ಇತ್ತು. ಏಪ್ರಿಲ್‌ನ ಒಂದು ಭಾನುವಾರ ಮಗ ಕಾರು ತೆಗೆದ. ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಕೆಂಟ್ ಪ್ರಾಂತದ ಶೆಪ್ಪಿ ದ್ವೀಪಕ್ಕೆ ಹೊರಟೆವು. ಒಂದೂವರೆ ಗಂಟೆಯಲ್ಲಿ ಎಲ್ಮ್‌ಲಿ ಹುಲ್ಲುಗಾವಲು. ಗೇಟು ದಾಟಿದರೆ ಎರಡು ಮೈಲಿ ಮಣ್ಣಿನ ದಾರಿ; ಅಲ್ಲಿ ಕಾರಿನಿಂದ ಇಳಿಯಬಾರದು. ಹಕ್ಕಿಗಳು ಕಾರಿಗೆ ಹೆದರುವುದಿಲ್ಲ, ಮನುಷ್ಯರಿಗೆ ಹೆದರುತ್ತವೆ.

ಕಿಟಕಿಯಾಚೆ ಹತ್ತೇ ಮಾರು ದೂರದಲ್ಲಿ ಲ್ಯಾಪ್‌ವಿಂಗ್: ತಲೆಯಲ್ಲಿ ಕಪ್ಪು ಜುಟ್ಟು, ಬೆನ್ನಿನಲ್ಲಿ ಹಸಿರು ಹೊಳಪು. ನಮ್ಮ ಟಿಟ್ಟಿಭದ ದಾಯಾದಿ. ಕಾಗೆಯೊಂದು ಗೂಡಿನತ್ತ ಸುಳಿದದ್ದೇ ತಡ, ಪೀ-ವಿಟ್ ಎಂದು ಚೀರುತ್ತ ಅದರ ಮೇಲೆರಗಿತು. ಮೊಟ್ಟೆ ಕದ್ದ ಕಡಲನ್ನೇ ಎದುರಿಸಲು ಹೊರಟ ಪಂಚತಂತ್ರದ ಟಿಟ್ಟಿಭ ನೆನಪಾಯಿತು. ಇಲ್ಲಿ ಮೊಟ್ಟೆ ಕದ್ದವನು ಮನುಷ್ಯ. ಲಂಡನ್ನಿನ ಸಿರಿವಂತರ ಊಟಕ್ಕೆ ಇವುಗಳ ಮೊಟ್ಟೆ ಬುಟ್ಟಿಗಟ್ಟಲೆ ಬರುತ್ತಿತ್ತಂತೆ; ತಡೆಯಲು 1928ರಲ್ಲಿ ಕಾನೂನೇ ಬೇಕಾಯಿತು. ಆಮೇಲೆ ಜವುಗು ಹುಲ್ಲುಗಾವಲುಗಳ ನೀರು ಬಸಿದು ಉತ್ತರು. 2009ರಿಂದ ಈ ಹಕ್ಕಿ ಬ್ರಿಟನ್ನಿನ ಕೆಂಪು ಪಟ್ಟಿಯಲ್ಲಿದೆ.

ಮನುಷ್ಯರು ಬಿಟ್ಟುಕೊಟ್ಟ ಜಾಗವೆಂದೇ ಇಲ್ಲಿ ಹಕ್ಕಿಗಳಿವೆ ಅಂದುಕೊಂಡಿದ್ದೆ. ದಾರಿ ಮುಗಿದಲ್ಲಿ ದನ ನೋಡಿಕೊಳ್ಳುವ ಹೆಂಗಸೊಬ್ಬಳು ಸಿಕ್ಕಳು. ಹಾಗೆಂದು ಹೇಳಿದ್ದಕ್ಕೆ ನಕ್ಕಳು. ಹುಲ್ಲು ಎತ್ತರಕ್ಕೆ ಬೆಳೆದರೆ ಈ ಹಕ್ಕಿ ಗೂಡು ಮಾಡುವುದಿಲ್ಲ. ಕೂತಲ್ಲಿಂದಲೇ ನರಿ ಬರುವುದು ಅದಕ್ಕೆ ಕಾಣಬೇಕು. ಅದಕ್ಕೇ ದನ ಮೇಯಿಸುವುದು. ಮರಿಗಳು ಮೊಟ್ಟೆಯೊಡೆದು ಬಂದವೇ ತಾವಾಗಿ ನಡೆದು ಕೆಸರಂಚಿನ ಹುಳ ಹೆಕ್ಕಬೇಕು. ಅದಕ್ಕೇ ಕಾಲುವೆಗಳಲ್ಲಿ ನೀರು ನಿಲ್ಲಿಸುವುದು. ಇದೆಲ್ಲದರಾಚೆ ಉಬ್ಬರ ತಡೆಯಲು ಉದ್ದಕ್ಕೂ ಒಡ್ಡು. ನಾನು ನಿಂತಿದ್ದು ಇನ್ನೊಂದು ಗಜನಿಯಲ್ಲಿ.

ಒಡ್ಡು ಹತ್ತಿದಾಗ ಕೆಳಗಿನ ಕೆಸರಿನಲ್ಲಿ ಕರ್ಲ್ಯೂ ಹಕ್ಕಿ ಉದ್ದನೆಯ ಬಾಗಿದ ಕೊಕ್ಕು ಚುಚ್ಚಿ ಏಡಿ ಹುಡುಕುತ್ತಿತ್ತು. ಚಳಿಗಾಲದಲ್ಲಿ ನಮ್ಮ ಕರಾವಳಿಗೂ ಬರುವ ಹಕ್ಕಿ. ಅಪ್ಪನಿಗೆ ಅದರ ಹೆಸರು ಗೊತ್ತಿರಲಿಲ್ಲ. ಒಡ್ಡಿನ ಮೇಲೆ ಕೂತು "ಚಳಿಗೆ ಬರೂ ನೆಂಟರು" ಎಂದು ತೋರಿಸುತ್ತಿದ್ದ. ಆ ಒಡ್ಡಿಗೆ ಪ್ರತಿವರ್ಷ ಮಣ್ಣು ಹೊತ್ತವನೂ ಅವನೇ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್‌ಸಾರ್ ಪಟ್ಟಿಗೆ ಸೇರಿದಾಗ ಖುಷಿಯಿಂದ ಸುದ್ದಿ ಕಳಿಸಿದ್ದೆ. "ಒಡ್ಡಿಗೆ ಮಣ್ಣು ಯಾರು ಹಾಕ್ತಾರಂತೆ?" ಎಂದಷ್ಟೇ ಅಣ್ಣ ಕೇಳಿದ್ದ. ಆಗ ಅದು ಕೊಂಕು ಮಾತೆನಿಸಿತ್ತು.

ರಾತ್ರಿ ನನ್ನ ಪಾಲಿನ ಹಣ ಕಳಿಸಿದೆ, ಜೊತೆಗೆ ಮಗ ತೆಗೆದ ಕರ್ಲ್ಯೂ ಚಿತ್ರ. ಬೆಳಿಗ್ಗೆ ಉತ್ತರ ಬಂದಿತ್ತು: "ಇದು ನಮ್ಮಲ್ಲೇ ಬರ್ತದಲ್ಲ. ಕಗ್ಗ ಕೊಯ್ಲಾದ ಮೇಲೆ ಬಾ, ನೋಡುವ."