ನೂರೈವತ್ತು ರೂಪಾಯಿಯ ತೋಪು

ಪುರಾತನ ನಗರಗಳಿಗೆಲ್ಲ ಎರಡು ಬಗೆಯ ಚರಿತ್ರೆಗಳಿರುತ್ತವೆ. ಅರಸರ ಪಟ್ಟಾಭಿಷೇಕ, ಸಮರ, ಮರಣಗಳನ್ನು ಇಸವಿಗಳ ದಾರದಲ್ಲಿ ಪೋಣಿಸಿದ ಗ್ರಂಥಸ್ಥ ಚರಿತ್ರೆ ಒಂದು; ಟಾಂಗಾ ಹೊಡೆಯುವವನಿಂದ ಮೊದಲುಗೊಂಡು ಮಠದ ಕಟ್ಟೆಯ ಮೇಲೆ ಕುಳಿತ ಮುದುಕರವರೆಗೆ ಎಲ್ಲರ ನಾಲಗೆಯ ಮೇಲೂ ನಲಿಯುವ ಸ್ವಾರಸ್ಯಗಳ ಚರಿತ್ರೆ ಇನ್ನೊಂದು. ಮೊದಲನೆಯದು ಪರೀಕ್ಷೆಗೆ ಬೇಕಾಗುತ್ತದೆ. ಎರಡನೆಯದು ಪರೀಕ್ಷೆ ಮುಗಿದು ಎಷ್ಟೋ ಕಾಲವಾದ ಮೇಲೂ ನೆನಪಿನಲ್ಲಿ ಉಳಿಯುತ್ತದೆ. ಈ ಎರಡನೆಯ ಸಂಪತ್ತಿನಲ್ಲಿ ವಿಜಯಪುರಕ್ಕೆ ಸರಿಗಟ್ಟುವ ಪಟ್ಟಣಗಳು ಕನ್ನಡ ನಾಡಿನಲ್ಲಿ ವಿರಳ.

ಆ ಊರಿನ ಹೆಸರೇ ಒಂದು ಸ್ವಾರಸ್ಯ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ವಿಜಯಪುರವಾಗಿದ್ದುದು ಮುಂದೆ ಬಿಜಾಪುರವಾಯಿತು. ಸುತ್ತಲಿನ ಹಳ್ಳಿಗರ ಬಾಯಲ್ಲಿ ವಿಜಾಪುರವೆಂದೇ ಉಳಿಯಿತು. ೨೦೧೪ರ ನವೆಂಬರ್ ೧ರಿಂದ ಸರಕಾರದ ಕಾಗದಪತ್ರಗಳಲ್ಲಿಯೂ ಮರಳಿ ವಿಜಯಪುರವಾಯಿತು. ಹಳೆಯ ಹೆಸರೇ ಹೊಸ ಹೆಸರಾಗಿ ಬಂದಾಗ ಹಳ್ಳಿಯ ಮುದುಕರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಹಿಂದೊಂದು ಚಳಿಗಾಲದಲ್ಲಿ, ಹಳ್ಳಿಯ ಶಾಲೆಯೊಂದರ ಹುಡುಗರನ್ನು ಕರೆದುಕೊಂಡು ವಯಸ್ಸಾದ ಮಾಸ್ತರರೊಬ್ಬರು ಈ ನಗರಕ್ಕೆ ಬಂದರು. ಹುಡುಗರ ಕೈಯಲ್ಲಿ ನೋಟುಪುಸ್ತಕಗಳಿದ್ದವು. ಕಂಡದ್ದನ್ನೆಲ್ಲ ಬರೆದುಕೊಳ್ಳಬೇಕೆಂಬುದು ಮಾಸ್ತರರ ಅಪ್ಪಣೆ. ಗೋಲಗುಮ್ಮಟದ ಏಳು ಅಂತಸ್ತುಗಳ ಮೆಟ್ಟಿಲು ಹತ್ತಿ, ಒಳಗಿನ ಪಡಸಾಲೆಯನ್ನು ತಲುಪಿದ್ದೇ ತಡ, ಹುಡುಗರು ತಮ್ಮ ತಮ್ಮ ಹೆಸರುಗಳನ್ನು ಕೂಗತೊಡಗಿದರು. ಪ್ರತಿಧ್ವನಿ ಏಳು ಸಲವೋ ಹತ್ತು ಸಲವೋ ಎಂಬ ವಿವಾದ ಹುಟ್ಟಿತು. ಎಣಿಸುವವರೂ ಕೂಗುತ್ತಲೇ ಇದ್ದುದರಿಂದ ಅದು ಇತ್ಯರ್ಥವಾಗಲಿಲ್ಲ. ೧೬೨೭ರಿಂದ ೧೬೫೬ರವರೆಗೆ ಆಳಿದ ಮುಹಮ್ಮದ್ ಆದಿಲಶಹನ ಗೋರಿಯ ಮೇಲೆ ಎದ್ದು ನಿಂತ ಈ ಗುಮ್ಮಟದ ಹೊರವ್ಯಾಸ ಸುಮಾರು ೪೪ ಮೀಟರು. ಒಳಗೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾದುಹೋಗುವ ಕಮಾನುಗಳೇ ಆ ಭಾರವನ್ನು ಹೊತ್ತಿವೆ. ಇಲ್ಲಿ ಗೋಡೆಯ ಬಳಿ ಪಿಸುಗುಟ್ಟಿದ ಮಾತು ಎದುರುಬದಿಯಲ್ಲಿ ನಿಂತವನ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಆದರೆ ಉಳಿದವರೆಲ್ಲರೂ ಸುಮ್ಮನಿರಬೇಕು. ಆ ದಿನ ಅಂತಹ ಭಾಗ್ಯ ಯಾರಿಗೂ ಲಭಿಸಲಿಲ್ಲ.

ಅಲ್ಲಿಂದ ಇಬ್ರಾಹಿಂ ರೋಜಾಕ್ಕೆ ಬಂದಾಗ ಹುಡುಗರ ಗಂಟಲು ಬತ್ತಿತ್ತು. ಮಾಸ್ತರರಿಗೆ ಮಾತಾಡಲು ಅವಕಾಶ ಸಿಕ್ಕಿತು. ರಾಣಿ ತಾಜ್ ಸುಲ್ತಾನಳಿಗೆಂದು ಕಟ್ಟಿಸತೊಡಗಿದ ಈ ಕಟ್ಟಡದೊಳಗೆ, ಆಕೆಗಿಂತ ಮುಂಚೆ ೧೬೨೭ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲಶಹನೇ ಮೊದಲು ಮಲಗಬೇಕಾಯಿತೆಂಬುದನ್ನು ಅವರು ತಿಳಿಸಿದರು. ಈ ಅರಸ ಸಂಗೀತಪ್ರಿಯ. ದಖನಿ ಭಾಷೆಯಲ್ಲಿ ಅವನು ರಚಿಸಿದ 'ಕಿತಾಬ್-ಎ-ನೌರಸ್' ಎಂಬ ಗೀತಗ್ರಂಥದಲ್ಲಿ ಸರಸ್ವತಿಯ ಸ್ತುತಿಯುಂಟು. ಜನರು ಅವನನ್ನು 'ಜಗದ್ಗುರು' ಎಂದೇ ಕರೆದರು. ೧೫೯೯ರಲ್ಲಿ ಅವನು ನವರಸಪುರವೆಂಬ ಹೊಸ ನಗರಕ್ಕೆ ಅಡಿಗಲ್ಲಿಟ್ಟದ್ದು ತೊರವೆಯ ಮಗ್ಗುಲಲ್ಲಿ. ಕುಮಾರವಾಲ್ಮೀಕಿಯು ಭಾಮಿನೀ ಷಟ್ಪದಿಯಲ್ಲಿ ರಾಮಕಥೆಯನ್ನು ಹಾಡಿದ ತೊರವೆಯೂ ಇದೇ. ಪಟ್ಟಣಕ್ಕೆ ಕುಡಿಯುವ ನೀರನ್ನು ತಂದ ನೆಲದಡಿಯ ಸುರಂಗಗಾಲುವೆ ಹೊರಟದ್ದೂ ಈ ತೊರವೆಯ ಕಡೆಯಿಂದಲೇ. ಕಾವ್ಯ, ಸಂಗೀತ, ನೀರು ಈ ಮೂರಕ್ಕೂ ತೌರಾದ ಹಳ್ಳಿ ಇನ್ನೆಲ್ಲಿ ಸಿಕ್ಕೀತು?

ಬಿಸಿಲು ನೆತ್ತಿಗೇರುವ ಹೊತ್ತಿಗೆ ತಂಡವು ಶೇರ್ಜಾ ಬುರುಜನ್ನು ಏರಿತು. ಅಲ್ಲಿರುವುದೇ ಮಲಿಕ್-ಎ-ಮೈದಾನ್ ಎಂಬ ತೋಪು. ೧೫೪೯ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ, ೧೪ ಅಡಿಗಳಿಗೂ ಮಿಕ್ಕಿ ಉದ್ದವಾದ, ಸುಮಾರು ೫೫ ಟನ್ ತೂಗುವ ಈ ತೋಪಿನ ಬಾಯಿಯನ್ನು ಆನೆಯನ್ನು ಜಗಿಯುತ್ತಿರುವ ಕ್ರೂರಮೃಗದ ಮುಖವಾಗಿ ರೂಪಿಸಿದ್ದಾರೆ. ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನಿನದಿಸುತ್ತದೆ. ಸುಡುಬಿಸಿಲಿನಲ್ಲಿಯೂ ತಣ್ಣಗಿರುತ್ತದೆ ಎನ್ನುವರು. ಇದನ್ನು ಎಳೆದು ತರಲು ನಾನೂರು ಎತ್ತುಗಳು ಬೇಕಾದವೆಂದು ಜನ ಹೇಳುವುದುಂಟು. ೧೬೮೬ರಲ್ಲಿ ವಿಜಯಪುರವನ್ನು ಗೆದ್ದ ಔರಂಗಜೇಬನು ಇದರ ಮೈಮೇಲೆ ತನ್ನ ವಿಜಯದ ಲೇಖವನ್ನು ಕೊರೆಯಿಸಿದನು.

ಇಷ್ಟನ್ನು ಹುಡುಗರು ಬರೆದುಕೊಂಡ ಮೇಲೆ ಮಾಸ್ತರರು ಇನ್ನೊಂದು ಸಂಗತಿಯನ್ನು ಹೇಳಿದರು. ೧೮೫೪ರಲ್ಲಿ ಈ ಪ್ರದೇಶವು ಸಾತಾರೆಯ ಕಮಿಷನರರ ಅಧೀನದಲ್ಲಿತ್ತು. ನಿರುಪಯೋಗಿ ಸಾಮಾನುಗಳನ್ನೆಲ್ಲ ಹರಾಜು ಹಾಕಬೇಕೆಂದು ಅಲ್ಲಿಂದ ಹುಕುಂ ಬಂದಿತು. ತೋಪೂ ಹರಾಜಿಗೆ ನಿಂತಿತು. ಬಂದ ಅತ್ಯಧಿಕ ಸವಾಲು ನೂರೈವತ್ತು ರೂಪಾಯಿ.

ಹುಡುಗರು ನಕ್ಕರು. ಹಿಂದಿನ ಸಾಲಿನಲ್ಲಿದ್ದ ಒಬ್ಬನು ಮಾತ್ರ ನಗದೆ, "ಕೊಂಡವರು ಯಾರ್ರಿ ಸರ್?" ಎಂದು ಕೇಳಿದನು.

"ಯಾರೂ ಕೊಳ್ಳಲಿಲ್ಲಪಾ. ಊರಿನ ಮಾಮಲೇದಾರರಿಗೆ ಆ ಬೆಲಿ ಬಹಳ ಕಡಿಮಿ ಅನಿಸ್ತು. ಮ್ಯಾಲಿನವರಿಗೆ ತಿರುಗಿ ಕಾಗದ ಬರದ್ರು. ಹರಾಜು ನಿಂತಿತು."

ಹುಕುಮನ್ನು ಪಾಲಿಸಿದ್ದರೆ ಆ ಅಧಿಕಾರಿಯ ಮೇಲೆ ಯಾವ ದೋಷವೂ ಬರುತ್ತಿರಲಿಲ್ಲ. ಕಡತದಲ್ಲಿ ನೂರೈವತ್ತು ರೂಪಾಯಿ ಜಮೆಯಾಗುತ್ತಿತ್ತು. ಮಲಿಕ್-ಎ-ಮೈದಾನ್ ಕರಗಿ ಹಂಡೆ ಕೊಡಗಳಾಗುತ್ತಿತ್ತು. ಯುದ್ಧಗಳಿಂದ ನಾಶವಾಗದೆ ಉಳಿದದ್ದು ಒಂದು ಹರಾಜಿನಿಂದ ಹೋಗುತ್ತಿತ್ತು. ಅದನ್ನು ಉಳಿಸಿದುದು ಒಂದು ಕಾಗದ.

ತಾಜ್ ಬಾವಡಿಯಲ್ಲಿಯೂ ಇದೇ ಪಾಠ. ೧೬೨೦ರಲ್ಲಿ ಕಟ್ಟಿದ ಈ ವಿಶಾಲವಾದ ಬಾವಿ ತಲೆಮಾರುಗಳವರೆಗೆ ಊರಿನ ಬಾಯಾರಿಕೆಯನ್ನು ತಣಿಸಿತು. ನಲ್ಲಿಗಳು ಬಂದ ಮೇಲೆ ಜನರು ಅದನ್ನು ಮರೆತರು. ಕಸ ಕಡ್ಡಿ ಹೂಳು ತುಂಬಿಕೊಂಡಿತು. ಬಹುಕಾಲದ ಮೇಲೆ, ಈ ಶತಮಾನದಲ್ಲಿ, ಹೂಳೆತ್ತಿದಾಗ ಅದು ಮತ್ತೆ ಬಾವಿಯಾಯಿತು. ಮರೆತದ್ದು ಜನ, ಬತ್ತಿದ್ದು ಸೆಲೆಯಲ್ಲ.

ಸಂಜೆ ಬಸ್ಸಿನ ನಿರೀಕ್ಷೆಯಲ್ಲಿ ಎಲ್ಲರೂ ಕುಳಿತಿದ್ದಾಗ ಮಾಸ್ತರರು ಡಾ. ಫ. ಗು. ಹಳಕಟ್ಟಿಯವರ ಮಾತನ್ನು ತೆಗೆದರು. ೧೮೮೦ರಲ್ಲಿ ಧಾರವಾಡದಲ್ಲಿ ಜನಿಸಿ, ವಕೀಲರಾಗಿ ಈ ಊರಿಗೆ ಬಂದ ಆ ಮಹನೀಯರು, ಮನೆಮಠಗಳ ಜಗುಲಿಯ ಮೇಲೆ, ಅಟ್ಟದ ಕತ್ತಲೆಯಲ್ಲಿ ಬಿದ್ದಿದ್ದ ತಾಡೋಲೆಯ ಕಟ್ಟುಗಳನ್ನು ಅರಸಿ ಸಂಗ್ರಹಿಸಿದರು. ಗೆದ್ದಲಿಗೂ ಇಲಿಗೂ ಅವುಗಳ ಬೆಲೆ ಒಂದೇ ಆಗಿತ್ತು. ಕೆಲವು ಮನೆಯವರಿಗೆ ಅವು ಪೂಜೆಗೆ ಮಾತ್ರ ಯೋಗ್ಯವಾದ ಗಂಟುಗಳಾಗಿದ್ದವು. ೧೯೨೩ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಬೆಳಕು ಕಂಡಿತು. ೧೯೨೫ರಲ್ಲಿ 'ಹಿತಚಿಂತಕ' ಮುದ್ರಣಾಲಯ, ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆ ಬಂದವು. ಮುದ್ರಣಾಲಯಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದರು. ೧೯೬೪ರಲ್ಲಿ ಅವರು ಲಿಂಗೈಕ್ಯರಾಗುವ ಹೊತ್ತಿಗೆ, ಹೆಸರೇ ಮರೆತುಹೋಗಿದ್ದ ಎಷ್ಟೋ ಶರಣರು ಕನ್ನಡಿಗರ ನಾಲಗೆಯ ಮೇಲೆ ಮತ್ತೆ ನೆಲಸಿದ್ದರು. ತೋಪನ್ನು ಉಳಿಸಿದವರು ಒಂದು ಕಾಗದ ಬರೆದರು. ವಚನಗಳನ್ನು ಉಳಿಸಿದವರು ಒಂದು ಮನೆಯನ್ನೇ ಕೊಟ್ಟರು.

ಬಸ್ಸು ಬಂದಿತು. ಹುಡುಗರು ಕಿಟಕಿಯ ಪಕ್ಕದ ಜಾಗಕ್ಕಾಗಿ ನೂಕಾಡುತ್ತಿರುವಾಗ, ತೋಪಿನ ಬಳಿ ಪ್ರಶ್ನೆ ಕೇಳಿದ್ದ ಹುಡುಗನು ಮೆಲ್ಲನೆ ಮಾಸ್ತರರ ಮಗ್ಗುಲಿಗೆ ಬಂದು ನಿಂತನು. ದಿನವಿಡೀ ಹುಡುಗರು ಕೂಗಿದ ಮಾತುಗಳೆಲ್ಲ ಗುಮ್ಮಟದಲ್ಲಿಯೇ ಕರಗಿಹೋಗಿದ್ದವು. ಇವನು ಪಿಸುಗುಟ್ಟಿದ್ದು ಮಾತ್ರ ಮಾಸ್ತರರ ಕಿವಿಗೆ ಬಿತ್ತು.

"ನಮ್ಮ ಮನಿ ಅಟ್ಟದ ಮ್ಯಾಲೆ ಒಂದು ಗಂಟು ಐತ್ರಿ ಸರ್. ಆಯಿ ವರ್ಷಕ್ಕೊಮ್ಮೆ ಪೂಜಾ ಮಾಡ್ತಾಳ. ಯಾರೂ ಬಿಚ್ಚಿಲ್ರಿ."

"ನೀನೂ ಬಿಚ್ಚಬ್ಯಾಡಪಾ. ಓಲಿ ಒಣಗಿದ್ರ ಮುರೀತಾವ. ನಾ ಬರ್ತೀನಿ."

ಮಾಸ್ತರರು ಆ ಹುಡುಗನ ಕೈಯಿಂದಲೇ ನೋಟುಪುಸ್ತಕವನ್ನು ಇಸಿದುಕೊಂಡು, ಅದರ ಕೊನೆಯ ಹಾಳೆಯನ್ನು ಹರಿದು, ಅವನ ಹಳ್ಳಿಗೆ ಹೋಗುವ ಬಸ್ಸಿನ ವೇಳೆಯನ್ನು ಬರೆದುಕೊಂಡರು.